ಮೊಣಕೈ ನೋವಿನ ದಿನಗಳಲ್ಲಿ ಜೊತೆಗಿದ್ದವರಿಗೆ

ಹೋದ ವಾರ ಮತ್ತೆ ಕೈಟ್ ಹಾರಿಸಿದೆ, ಅಂದರೆ ದೊಡ್ಡ ಗಾಳಿಪಟದ ಎಳೆತದಲ್ಲಿ ಹಲಗೆಯ ಮೇಲೆ ನಿಂತು ನೀರಿನ ಮೇಲೆ ಜಾರುವ ಕೈಟ್‌ಸರ್ಫಿಂಗ್ ಮಾಡಿದೆ. ಗಾಳಿ ಚೆನ್ನಾಗಿತ್ತು, ಸಾಕೆನಿಸುವವರೆಗೂ ನೀರಿನ ಮೇಲಿದ್ದೆ. ಮರುದಿನ ಬೆಳಿಗ್ಗೆ ಬಲಗೈಯಲ್ಲೇ ನೀರಿನ ಜಗ್ ಎತ್ತಿದೆ, ನೋವಿಲ್ಲ! ಅದಕ್ಕೇ ಈ ಬರಹ. ಥ್ಯಾಂಕ್ಸ್ ಹೇಳಬೇಕಾದವರು ತುಂಬಾ ಜನ ಇದ್ದಾರೆ.

ಕೈಟ್‌ಸರ್ಫಿಂಗ್‌ನಲ್ಲಿ ಕೈಟ್‌ನ ಎಳೆತವನ್ನು ತಡೆದುಕೊಳ್ಳುವುದು ಸೊಂಟಕ್ಕೆ ಕಟ್ಟಿದ ಹಾರ್ನೆಸ್ ಎಂಬ ಗಟ್ಟಿ ಪಟ್ಟಿ. ಕೈಗಳ ಕೆಲಸ ಬಾರ್ (ಕೈಟ್‌ನ ಹಗ್ಗಗಳಿಗೆ ಕಟ್ಟಿದ ಹಿಡಿಕೋಲು) ತಿರುಗಿಸುವುದು, ಸ್ವಲ್ಪ ಹತ್ತಿರ ಎಳೆಯುವುದು, ದೂರ ಬಿಡುವುದು, ಅಷ್ಟೇ. ಆದರೆ ಗಾಳಿ ಒಂದೇ ಸಮ ಬೀಸದೆ ಜಗ್ಗಾಡುವಾಗ ಮುಷ್ಟಿ ತಾನಾಗಿಯೇ ಬಿಗಿಯಾಗುತ್ತದೆ. ಮಣಿಕಟ್ಟನ್ನು ಮೇಲಕ್ಕೆತ್ತುವ ಮುಂಗೈ ಸ್ನಾಯುಗಳಲ್ಲಿ ಹೆಚ್ಚಿನವು ಮೊಣಕೈಯ ಹೊರಬದಿಯ ಒಂದು ಚಿಕ್ಕ ಮೂಳೆಯುಬ್ಬಿಗೆ ಬಂದು ಅಂಟಿಕೊಂಡಿವೆ. ಬಿಗಿ ಹಿಡಿತದ ಭಾರವೆಲ್ಲ ಬೀಳುವುದು ಅಲ್ಲಿಗೇ. ಇದಕ್ಕೆ ಟೆನ್ನಿಸ್ ಎಲ್ಬೋ ಅಂತಾರೆ. ರಾಕೆಟ್ ಮುಟ್ಟದವರಿಗೂ ಬರುತ್ತದೆ. ಬಾಗಿಲ ಹಿಡಿ ತಿರುಗಿಸುವಾಗ, ಬಟ್ಟೆ ಹಿಂಡುವಾಗ, ಯಾರಾದರೂ ಪ್ರೀತಿಯಿಂದ ಕೈ ಕುಲುಕಿದಾಗಲೂ ಚುಳ್ ಎನ್ನುತ್ತಿತ್ತು.

ಮೊದಲ ಕೃತಜ್ಞತೆ ನನ್ನ ಡಾಕ್ಟರಿಗೆ. ಕೈ ನೇರ ಮಾಡಿಸಿ, ನಡುಬೆರಳನ್ನು ಅವರ ಬೆರಳಿಗೆ ಎದುರಾಗಿ ಎತ್ತಲು ಹೇಳಿದರು. ನೋವು ಎಲ್ಲಿದೆ ಅಂತ ಅಷ್ಟರಲ್ಲೇ ಗೊತ್ತಾಯಿತು. ಬೇಗ ಗುಣವಾಗಲು ಸ್ಟೀರಾಯ್ಡ್ ಇಂಜೆಕ್ಷನ್ ಕೊಡಿ ಅಂತ ಕೇಳಿದೆ. ಅವರು ಕೂತು ವಿವರಿಸಿದರು. ಕೆಲವು ವಾರ ಆರಾಮೆನಿಸುತ್ತದೆ, ಆದರೆ ವರ್ಷ ಕಳೆಯುವಷ್ಟರಲ್ಲಿ ಇಂಜೆಕ್ಷನ್ ತಗೊಂಡವರ ಸ್ಥಿತಿಯೇ ತಗೊಳ್ಳದವರಿಗಿಂತ ಹಿಂದಿರುತ್ತದೆ, 2013ರಲ್ಲಿ ಜಾಮಾ ಎಂಬ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವೂ ಇದನ್ನೇ ತೋರಿಸಿದೆ ಎಂದರು. ಸೂಜಿ ಚುಚ್ಚಿ ಕಳಿಸುವುದಕ್ಕಿಂತ ಈ ಮಾತಿಗೆ ಹೆಚ್ಚು ಸಮಯ ಹಿಡಿಯಿತು. ಆ ಸಮಯ ಕೊಟ್ಟಿದ್ದಕ್ಕೆ ನಾನು ಋಣಿ.

ಫಿಸಿಯೋ ಮೇಡಂ, ನಿಮಗೆ ಏನು ಹೇಳಲಿ? ಟೆಂಡನ್‌ಗೆ, ಅಂದರೆ ಸ್ನಾಯುವನ್ನು ಮೂಳೆಗೆ ಸೇರಿಸುವ ನಾರಿಗೆ, ರಕ್ತ ಸಂಚಾರ ಕಡಿಮೆ, ಅದು ನಿಧಾನವಾಗಿಯೇ ಸರಿಹೋಗುವುದು, ಹಾಗಂತ ಸುಮ್ನೆ ಬಿಟ್ಟರೆ ಇನ್ನಷ್ಟು ಸೊರಗುತ್ತದೆ ಎಂದಿರಿ. ನೋಯುವ ಕೈಗೇ ಭಾರ ಕೊಡಿಸಿದಿರಿ. ಮುಂಗೈ ಮೇಜಿನ ಮೇಲೆ, ಅಂಗೈ ಕೆಳಮುಖ, ಮಣಿಕಟ್ಟು ಅಂಚಿನಾಚೆ, ಕೈಯಲ್ಲಿ ಚಿಕ್ಕ ಡಂಬಲ್. ಮೊದಮೊದಲು ಅಲುಗಾಡಿಸದೆ 45 ಸೆಕೆಂಡ್ ಹಿಡಿಯುವುದು ಮಾತ್ರ. ಆಮೇಲೆ ಎಡಗೈ ಸಹಾಯದಿಂದ ಮೇಲೆತ್ತಿ, ಬಲಗೈಯೊಂದರಲ್ಲೇ ನಿಧಾನವಾಗಿ ಇಳಿಸುವುದು. ಹತ್ತರಲ್ಲಿ ಮೂರರಷ್ಟು ನೋವಾದರೆ ಪರವಾಗಿಲ್ಲ, ಮರುದಿನದೊಳಗೆ ಇಳಿಯಬೇಕು, ಇಳಿಯದಿದ್ದರೆ ತೂಕ ಕಡಿಮೆ ಮಾಡಿ, ಬಿಡಬೇಡಿ ಅಂತಿದ್ದಿರಿ. ಆ ಅಳತೆ ಸಿಕ್ಕ ಮೇಲೆ ನೋವಿನ ಬಗ್ಗೆ ಹೆದರಿಕೆ ಹೋಯಿತು. ನನಗಂತೂ ಅರ್ಧ ಗುಣ ಆದದ್ದು ಅದರಿಂದಲೇ. ತಿಂಗಳುಗಟ್ಟಲೆ ಏನೂ ಬದಲಾಗದಂತೆ ಕಂಡಾಗಲೂ ನೀವು ಒಮ್ಮೆಯೂ ಬೇಸರಿಸಲಿಲ್ಲ.

ಗಾಳಿ ಗೆಳೆಯರೇ, ನನ್ನ ಕೈಟ್‌ಗೆ ಪಂಪ್ ಹೊಡೆದು ಗಾಳಿ ತುಂಬಿದವರು ನೀವು, ಹಾರಿಸುವಾಗ, ಇಳಿಸುವಾಗ ಓಡಿ ಬಂದು ಹಿಡಿದವರು ನೀವು. ದಡದಲ್ಲಿ ನಿಂತು ನನ್ನ ಕೈಗಳನ್ನೇ ಗಮನಿಸಿದ ಅಣ್ಣನಿಗೆ ದೊಡ್ಡ ನಮಸ್ಕಾರ. "ಬಾರ್ ಮೇಲೆ ಬೆರಳಿಟ್ಟರೆ ಸಾಕು, ಮೈಭಾರ ಹಾರ್ನೆಸ್‌ಗೆ ಬಿಡು" ಎಂದು ನೀರಿಗಿಳಿಯುವ ಮೊದಲು ಪ್ರತಿ ಸಲ ನೆನಪಿಸಿದಿರಿ. ಗಾಳಿ ಜೋರಿದ್ದ ದಿನ ಚಿಕ್ಕ ಕೈಟ್ ಕೈಗಿತ್ತಿರಿ. ಟ್ರಿಮ್, ಅಂದರೆ ಹಗ್ಗಗಳ ಉದ್ದದ ಹೊಂದಾಣಿಕೆ, ಸರಿಮಾಡಿ ಬಾರ್ ಕೈಗೆ ಹತ್ತಿರ ತಂದಿರಿ. ತೋಳು ಪೂರ್ತಿ ಚಾಚಿ ಎಳೆಯುವ ಕಷ್ಟ ಅಲ್ಲಿಗೆ ತಪ್ಪಿತು. ಬಾರ್ ಹಿಡಿದು ಮೊಣಕೈ ನೋಯಿಸಿಕೊಂಡವರು ಬೇರೆ ಯಾರಾದರೂ ಇದ್ದರೆ ಇದನ್ನು ಮೊದಲು ನೋಡಿ, ವ್ಯಾಯಾಮದಷ್ಟೇ ಇದೂ ಮುಖ್ಯ.

ಮನೆಯವರಿಗೆ ಬೇರೆಯಾಗಿ ಹೇಳಬೇಕಿಲ್ಲ, ಅಲ್ವಾ? ಆದರೂ ಹೇಳುತ್ತೇನೆ. ಕೇಳುವ ಮೊದಲೇ ಬಾಟಲಿ ಮುಚ್ಚಳ ತೆಗೆದುಕೊಟ್ಟಿದ್ದೀರಿ, ಚೀಲ ಹೊತ್ತಿದ್ದೀರಿ. ಒಂದೂ ಮರೆತಿಲ್ಲ.

ಬರುವ ಸೀಸನ್‌ನಲ್ಲಿ ಪಂಪ್ ಹೊಡೆಯುವ ಸರದಿ ನನ್ನದು. ಎಲ್ಲರ ಕೈಟ್‌ಗಳನ್ನೂ ನನ್ನ ಹತ್ತಿರ ತನ್ನಿ.