ಜಪಾನಿ ಓದಿದ್ರೆ ಕೆಲಸ ಸಿಗುತ್ತಾ?

ಮಾನ್ಯರೇ,

ಮಗಳು ಜಪಾನಿ ಭಾಷೆಯಲ್ಲೇ ಬಿಎ ಮಾಡ್ತೀನಿ ಅಂದಾಗ ಮನೆಯವರೆಲ್ಲ ನಕ್ಕರು. ಸುಮ್ನೆ ಯಾಕೆ ಸುಳ್ಳು, ನಾನೂ ನಕ್ಕೆ. ಆಮೇಲೆ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಿದ್ದೆವು. ಅಲ್ಲಿನ ಅಶೋಕನ ಶಾಸನ ಪ್ರಾಕೃತದ್ದು, ಬ್ರಾಹ್ಮಿ ಲಿಪಿ. ಆದರೆ ಕೊನೆಯಲ್ಲಿ ಚಪಡ ಎಂಬಾತ ತನ್ನ ಹೆಸರಿನ ಜೊತೆ ‘ಲಿಪಿಕಾರ’ ಎಂಬ ಪದವನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಕೆತ್ತಿದ್ದಾನೆ. ಅದು ದೂರದ ಗಾಂಧಾರದ ಕಡೆಯ ಲಿಪಿ. ಎರಡು ಲಿಪಿ ಬಲ್ಲವನಿಗೆ 2,200 ವರ್ಷದ ಹಿಂದೆಯೇ ನಮ್ಮೂರ ಹತ್ತಿರ ಕೆಲಸ ಸಿಕ್ಕಿತ್ತು, ಅಲ್ವಾ?

ದೆಹಲಿಯ ಜೆಎನ್‌ಯುನಲ್ಲಿ ಚೀನಿ, ಜಪಾನಿ, ಕೊರಿಯನ್, ಪರ್ಷಿಯನ್ ಭಾಷೆಗಳಲ್ಲಿ ಬಿಎ ಇದೆ. ಅಷ್ಟು ದೂರ ಕಳಿಸುವ ಧೈರ್ಯ, ದುಡ್ಡು ಎಲ್ಲರಿಗೂ ಇರಲ್ಲ. ದಾವಣಗೆರೆ ವಿಶ್ವವಿದ್ಯಾಲಯದವರು ನಮ್ಮ ಮಕ್ಕಳಿಗೂ ಇಂಥ ಪದವಿ ಹತ್ತಿರದಲ್ಲೇ ಸಿಗುವಂತೆ ಮಾಡಲಿ.

– ಒಬ್ಬ ಅಪ್ಪ, ಚಿತ್ರದುರ್ಗ