ಪಾಲಿಪ್ ತೆಗೆಯುವ ಸ್ನೇರ್‌ಗಳ ದೋಷದ ಬಗ್ಗೆ ದೂರು

ಇವರಿಗೆ,
ಗುಣಮಟ್ಟ ವಿಭಾಗದ ಮುಖ್ಯಸ್ಥರು,
ಎಂಡೋಸ್ಕೋಪಿ ಉಪಕರಣಗಳ ಸರಬರಾಜು ಸಂಸ್ಥೆ

ವಿಷಯ: ಸ್ನೇರ್‌ಗಳು ಪೂರ್ತಿ ಮುಚ್ಚದಿರುವುದು, ಇಡೀ ಲಾಟ್ (ಒಂದೇ ಕಂತಿನಲ್ಲಿ ತಯಾರಾದ ಸರಕು) ವಾಪಸ್ ಪಡೆಯುವ ಬಗ್ಗೆ

ಮಾನ್ಯರೇ,

ಸ್ನೇರ್ ಎಂದರೆ ಕರುಳಿನ ಒಳಗೋಡೆಯಲ್ಲಿ ಬೆಳೆದ ಗಂಟನ್ನು (ಪಾಲಿಪ್) ಕತ್ತರಿಸುವ ತಂತಿಯ ಕುಣಿಕೆ. ನೀವು ಕಳಿಸಿದ 10 ಮಿ.ಮೀ. ಕೋಲ್ಡ್ ಸ್ನೇರ್‌ಗಳ ಒಂದೇ ಪೆಟ್ಟಿಗೆಯ ಹತ್ತರಲ್ಲಿ ನಾಲ್ಕು, ಪ್ಯಾಕೆಟ್ ಒಡೆದ ಮೊದಲ ಬಳಕೆಯಲ್ಲೇ ಕೈಕೊಟ್ಟಿವೆ. ಜೊತೆಗೆ ಬಂದ, ಕರೆಂಟ್‌ನಿಂದ ಸುಟ್ಟು ಕತ್ತರಿಸುವ 20 ಮಿ.ಮೀ. ಕಾಟರಿ ಸ್ನೇರ್‌ಗಳಲ್ಲೂ ಇದೇ ದೋಷವಿದೆ. ಫೋನ್ ಮಾಡಿದಾಗ ನಿಮ್ಮ ಪ್ರತಿನಿಧಿ "ಟೆಕ್ನಿಷಿಯನ್ ಜೋರಾಗಿ ಎಳೆದಿರಬೇಕು" ಎಂದು ಹೇಳಿ, ನಾಲ್ಕು ಹೊಸ ಪ್ಯಾಕೆಟ್ ಕಳಿಸಿ ಕೈತೊಳೆದುಕೊಂಡರು. ದೋಷ ಟೆಕ್ನಿಷಿಯನ್ ಕೈಯದಲ್ಲ, ತಂತಿ ಸಾಗುವ ನಿಮ್ಮ ಹೊರಕೊಳವೆಯದು.

ಕೋಲ್ಡ್ ಸ್ನೇರ್‌ನಲ್ಲಿ ಕರೆಂಟ್ ಇಲ್ಲ. ತಂತಿಯ ಕುಣಿಕೆ ಹೊರಕೊಳವೆಯೊಳಕ್ಕೆ ಸರಿದಾಗಲೇ ಪಾಲಿಪ್ ತುಂಡಾಗಬೇಕು. ಹಿಡಿ (ಹ್ಯಾಂಡಲ್) ಪೂರ್ತಿ ಮುಚ್ಚಿದಾಗ ಕುಣಿಕೆಯ ತುದಿ ಕೊಳವೆಯ ಬಾಯಿಂದ ಸುಮಾರು 15 ಮಿ.ಮೀ. ಒಳಗಿರಬೇಕು. ನಿಮ್ಮ ಸ್ನೇರನ್ನು ಮೇಜಿನ ಮೇಲೆ ನೇರವಾಗಿ ಚಾಚಿ ಮುಚ್ಚಿದರೆ 12 ಮಿ.ಮೀ. ಒಳಹೋಗುತ್ತದೆ. ಕಾರ್ಖಾನೆಯ ಪರೀಕ್ಷೆಯಲ್ಲಿ ಪಾಸಾಗಿರುವುದು ಹೀಗೇ ಇರಬೇಕು. ಅದನ್ನೇ ಗೇಣಗಲದ ಎರಡು ಸುತ್ತು ಸುತ್ತಿ ಮುಚ್ಚಿ ನೋಡಿ, 2 ಮಿ.ಮೀ. ದಾಟುವುದಿಲ್ಲ. ದೊಡ್ಡ ಕರುಳಿನ ಆರಂಭದ ಭಾಗವಾದ ಸೀಕಮ್‌ವರೆಗೆ ಹೋದ ಕೊಲೊನೋಸ್ಕೋಪ್ (ಕರುಳು ನೋಡುವ ಕ್ಯಾಮೆರಾ ಕೊಳವೆ) ಯಾವತ್ತೂ ಮೇಜಿನ ಮೇಲಿನಷ್ಟು ನೇರ ಇರುವುದಿಲ್ಲ. ತಂತಿ ಎಳೆದಂತೆ 230 ಸೆಂ.ಮೀ. ಉದ್ದದ ಮೆತ್ತನೆಯ ಕೊಳವೆಯೇ ಕುಗ್ಗುತ್ತದೆ. ಎಳೆತ ಅಲ್ಲೇ ಇಂಗಿಹೋಗಿ ತುದಿಗೆ ಮುಟ್ಟುವುದಿಲ್ಲ.

ಆಗ ಪರದೆಯಲ್ಲಿ ಕಾಣುವುದು ಇದು: 7 ಮಿ.ಮೀ. ಪಾಲಿಪ್, ಸುತ್ತ 2 ಮಿ.ಮೀ. ಆರೋಗ್ಯಕರ ಒಳಪೊರೆಯನ್ನೂ ಸೇರಿಸಿ ಕುಣಿಕೆ ಸರಿಯಾಗಿ ಕೂತಿದೆ. ಹಿಡಿ ಕೊನೆಯವರೆಗೆ ಮುಚ್ಚಿದೆ. ಪಾಲಿಪ್ ನೀಲಿಗಟ್ಟಿದೆ, ಬುಡದಲ್ಲಿ ಬಿಳಿ ದಾರದಂಥ ಸಬ್‌ಮ್ಯೂಕೋಸ (ಒಳಪೊರೆಯ ಕೆಳಗಿನ ಪದರ) ಮಾತ್ರ ತುಂಡಾಗದೆ ಉಳಿದಿದೆ. ಕುಣಿಕೆ ಸ್ವಲ್ಪ ಸಡಿಲಿಸಿ ಮತ್ತೆ ಬಿಗಿದರೂ ಅಷ್ಟೇ. ಸ್ನೇರನ್ನೇ ಸ್ಕೋಪಿನೊಳಕ್ಕೆ ಜಗ್ಗಿ ಹರಿದರೆ ಅಂಚಿನಲ್ಲಿ ಗಡ್ಡೆಯ ಚೂರು ಉಳಿಯಬಹುದು, ಅದು ಮತ್ತೆ ಬೆಳೆಯಬಹುದು. ಕಾಟರಿಗೆ ತಿರುಗೋಣವೆಂದರೆ ಈ ಸ್ನೇರ್‌ಗೆ ಕರೆಂಟ್ ಜೋಡಿಸುವ ಪಿನ್ನೇ ಇಲ್ಲ, ರೋಗಿಯ ತೊಡೆಗೆ ಕರೆಂಟ್ ಮರಳುವ ಪ್ಲೇಟ್ ಅಂಟಿಸಿಯೂ ಇರುವುದಿಲ್ಲ. 10 ಮಿ.ಮೀ.ಗಿಂತ ಚಿಕ್ಕ ಪಾಲಿಪ್‌ಗೆ ಕೋಲ್ಡ್ ಸ್ನೇರ್ ಬಳಸುವುದೇ ಗೋಡೆ ಸುಡಬಾರದು, ನಾಲ್ಕಾರು ದಿನ ಬಿಟ್ಟು ರಕ್ತ ಸೋರಬಾರದು ಎಂದು. ಆ ಲಾಭವೇ ಇಲ್ಲಿ ಕೈತಪ್ಪುತ್ತಿದೆ.

ಕಾಟರಿ ಸ್ನೇರ್‌ನಲ್ಲಿ ಇದೇ ದೋಷ ಇನ್ನೂ ಅಪಾಯಕರ. ದೊಡ್ಡ ಚಪ್ಪಟೆ ಪಾಲಿಪ್ ಅಡಿಗೆ ದ್ರಾವಣ ಚುಚ್ಚಿ ಎತ್ತಿ, ಕುಣಿಕೆ ಬಿಗಿದ ಮೇಲೆ ಸ್ನಾಯುಪದರ ಸಿಕ್ಕಿಕೊಂಡಿದೆಯೇ ಎಂಬುದನ್ನು ಹಿಡಿಯಿಂದಲೂ ಅಂದಾಜಿಸುತ್ತೇವೆ. ಹೆಬ್ಬೆರಳಿಗೂ ಉಳಿದ ಬೆರಳುಗಳಿಗೂ ನಡುವೆ 1 ಸೆಂ.ಮೀ.ಗಿಂತ ಕಡಿಮೆ ಅಂತರ ಉಳಿದಿದ್ದರೆ ಮುಂದುವರಿಯಬಹುದು ಎಂಬ ಲೆಕ್ಕ. ಕೊಳವೆ ಕುಗ್ಗಿದಾಗ ಕುಣಿಕೆಯಲ್ಲಿ ದಪ್ಪ ಅಂಗಾಂಶವಿದ್ದರೂ ಹಿಡಿ ಮುಚ್ಚಿಕೊಳ್ಳುತ್ತದೆ. ಅಂದರೆ ನಿಮ್ಮ ಹಿಡಿ ಸುಳ್ಳು ಹೇಳುತ್ತಿದೆ. ಆ ಭರವಸೆಯಲ್ಲಿ ಕರೆಂಟ್ ಹರಿಸುವ ಪೆಡಲ್ ಒತ್ತಿದರೆ ಕರುಳು ತೂತಾಗಬಹುದು. ಬಿಗಿತ ಸಾಲದ ಕುಣಿಕೆಯಲ್ಲಿ ಕರೆಂಟ್ ಅಗಲಕ್ಕೆ ಹರಡಿ, ಕತ್ತರಿಸಲು ಹೆಚ್ಚು ಹೊತ್ತು ಹಿಡಿದು ಗೋಡೆ ಆಳಕ್ಕೆ ಬೇಯುತ್ತದೆ. ಪಾಲಿಪ್ ಅಲುಗಾಡಿಸಿ ನೋಡುವ ಪರೀಕ್ಷೆಯೂ ಇದೆ ನಿಜ, ಹಾಗೆಂದು ಹಿಡಿ ತಪ್ಪು ತೋರಿಸಬಹುದೇ?

ಕುಣಿಕೆಯ ತುದಿ ಕೊಳವೆಯ ಬಾಯಿ ಮುಟ್ಟಿದ್ದನ್ನು ತೋರಿಸುವ ಗುರುತಿನ ಗೆರೆಯೂ ಹಿಡಿಯ ಮೇಲೆ ಇಲ್ಲ, ಪ್ರತಿ ಬಾರಿ ಪೆನ್ನಿನಲ್ಲಿ ನಾವೇ ಎಳೆದುಕೊಳ್ಳಬೇಕು.

ನಾಲ್ಕು ಪ್ಯಾಕೆಟ್‌ಗೆ ನಾಲ್ಕು ಪ್ಯಾಕೆಟ್ ಎಂಬ ಲೆಕ್ಕ ಒಪ್ಪಲಾಗದು. ಎರಡೂ ಅಳತೆಯ ಈ ಲಾಟ್‌ಗಳನ್ನು ಪೂರ್ತಿ ವಾಪಸ್ ಪಡೆಯಿರಿ, ಇವೇ ಲಾಟ್ ತಲುಪಿರುವ ಬೇರೆ ಆಸ್ಪತ್ರೆಗಳಿಗೂ ಇಂದೇ ತಿಳಿಸಿ. ಬದಲಿ ಕಳಿಸುವಾಗ, ಎರಡು ಸುತ್ತು ಸುತ್ತಿದ ಸ್ಥಿತಿಯಲ್ಲಿ ತುದಿ ಎಷ್ಟು ಒಳಹೋಗುತ್ತದೆ ಎಂಬ ಪರೀಕ್ಷಾ ವರದಿ ಲಾಟ್ ಸಂಖ್ಯೆಯೊಂದಿಗೆ ಬೇಕು. 15 ದಿನದೊಳಗೆ ಲಿಖಿತ ಉತ್ತರ ಕೊಡಿ. ಉತ್ತರಕ್ಕೆ ಕಾಯದೆ, ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ನಡೆಸುವ ಮೆಟೀರಿಯೋವಿಜಿಲೆನ್ಸ್ (ವೈದ್ಯಕೀಯ ಉಪಕರಣಗಳ ಸುರಕ್ಷತೆಯ ನಿಗಾ) ಕಾರ್ಯಕ್ರಮಕ್ಕೆ ಈ ದೋಷವನ್ನು ವರದಿ ಮಾಡುತ್ತಿದ್ದೇವೆ.

ಕೈಕೊಟ್ಟ ನಾಲ್ಕು ಸ್ನೇರ್‌ಗಳನ್ನು ಸೋಂಕು ನಿವಾರಿಸಿ, ಆಯಾ ಲೇಬಲ್ ಸಮೇತ ಚೀಲದಲ್ಲಿ ಇಟ್ಟಿದ್ದೇವೆ. ಎರಡನ್ನು ನಿಮ್ಮ ಎಂಜಿನಿಯರ್ ಕೈಗೆ ಕೊಡುತ್ತೇವೆ, ಉಳಿದೆರಡು ನಮ್ಮಲ್ಲೇ ಇರುತ್ತವೆ. ಅವರು ಬರುವಾಗ ಅಳತೆಪಟ್ಟಿ ತರಲಿ; ಸುತ್ತಿ ಮುಚ್ಚಿ ಅವರ ಕೈಯಲ್ಲೇ ಅಳೆಸುತ್ತೇವೆ.

ಇಂತಿ,
ವೈದ್ಯರು ಮತ್ತು ತಂತ್ರಜ್ಞರು,
ಎಂಡೋಸ್ಕೋಪಿ ವಿಭಾಗ