ಮಾವಶಿಗೊಂದು ಕುಂದಾ

ಕಳೆದ ಸೋಮವಾರ ಬೆಳಗಾವಿ ವಿಮಾನ ನಿಲ್ದಾಣದಲ್ಲಿ ನನ್ನ ಪ್ರೊಬೇಷನ್ ಮುಗಿದು ಕೆಲಸ ಕನ್ಫರ್ಮ್ ಆಯಿತು. ಜುಲೈ ತಿಂಗಳ ಆ ರಾತ್ರಿ ಕಳೆದಮೇಲೆ ಇಂಥದ್ದೊಂದು ಸಾಲು ಬರೆಯುತ್ತೇನೆ ಅಂತ ನನಗೇ ನಂಬಿಕೆ ಇರಲಿಲ್ಲ. ಫ್ಲೈಟ್ ಕ್ಯಾನ್ಸಲ್ ಆದ ಸಿಟ್ಟಿಗೆ ಪ್ರಯಾಣಿಕನೊಬ್ಬ ನನ್ನ ಮುಖಕ್ಕೆ ಬೋರ್ಡಿಂಗ್ ಪಾಸ್ ಎಸೆದ ಆ ವಿಡಿಯೋ ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. ಅದನ್ನು ಮತ್ತೆ ಹೇಳೋದಿಲ್ಲ. ಅದರಲ್ಲಿ ಕಾಣದೇ ಹೋದವರ ಬಗ್ಗೆ ಬರೀತೀನಿ.

ನನ್ನ ಪರವಾಗಿ ಮೇಲಿನವರಿಗೆ ಪತ್ರ ಬರೆದ ಮ್ಯಾನೇಜರ್ ಸರ್, ಆ ರಾತ್ರಿ ಐವತ್ತೆಂಟು ಬ್ಯಾಗುಗಳ ಟ್ಯಾಗ್ ನೋಡಿ ನೋಡಿ ಒಂದೂ ತಪ್ಪದೆ ವಾಪಸ್ ಕೊಟ್ಟ ಲೋಡರ್ ಅಣ್ಣಂದಿರು, ಎರಡು ವಾರ ನನ್ನ ಶಿಫ್ಟ್ ಹಂಚಿಕೊಂಡವರು, ಪಿಜಿಯ ಹುಡುಗಿಯರು, ಮುಧೋಳದಿಂದ ಫೋನ್ ಮಾಡಿ "ಸಾಕು, ಬಿಟ್ಟು ಬಾ" ಅಂದು, ಮರುದಿನ "ನಿನಗ ಹೆಂಗ ಅನಸ್ತೈತಿ ಹಂಗ ಮಾಡವ್ವಾ" ಅಂದ ಅಪ್ಪ, ಎಲ್ಲರಿಗೂ ಥ್ಯಾಂಕ್ಸ್. ಒಂದೇ ಸಾಲಿನಲ್ಲಿ ಮುಗಿಸಿದೆ ಅಂತ ಬೇಜಾರು ಬೇಡ. ಉಳಿದ ಜಾಗವೆಲ್ಲ ಮಾವಶಿಯದು.

ಮಾವಶಿ, ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ, ನಮ್ಮ ಟರ್ಮಿನಲ್‌ನ ಹೌಸ್‌ಕೀಪಿಂಗ್‌ನವರು. ಹೆಸರು ಬರೀಬ್ಯಾಡ ಅಂದಿದ್ದಾರೆ. ಊರು ವಿಮಾನ ನಿಲ್ದಾಣ ಇರುವ ಸಾಂಬ್ರಾನೇ. ಬ್ರಿಟಿಷರ ಕಾಲದ ವಾಯುಪಡೆ 1942ರಲ್ಲಿ ಕಟ್ಟಿದ ನೆಲ ಅದು, ಈಗಲೂ ಪಕ್ಕದಲ್ಲೇ ವಾಯುಪಡೆಯ ತರಬೇತಿ ಶಾಲೆ ಇದೆ. ಹೀಗಾಗಿ ಮಾವಶಿ ಹುಟ್ಟಿದ್ದೇ ವಿಮಾನದ ಸಪ್ಪಳದೊಳಗೆ. 2017ರಲ್ಲಿ ಹೊಸ ಟರ್ಮಿನಲ್ ಆದಾಗಿನಿಂದ ಇಲ್ಲಿ ಕೆಲಸ ಮಾಡುತ್ತಿದ್ದಾರೆ. ಒಮ್ಮೆಯೂ ವಿಮಾನ ಹತ್ತಿಲ್ಲ.

ನಮ್ಮಂಥ ಸಣ್ಣ ಸ್ಟೇಷನ್‌ನಲ್ಲಿ ಚೆಕ್‌ಇನ್ ಮಾಡಿದವಳೇ ಮೈಕ್ ಹಿಡಿಯಬೇಕು, ಮೈಕ್ ಇಟ್ಟು ಗೇಟಿಗೆ ಓಡಬೇಕು. ಅವತ್ತು ಸಂಜೆಯಿಂದಲೇ ಜಿಟಿಜಿಟಿ ಮಳೆ. ಬೆಳಗಾವಿಯ ಮಳೆಗಾಲ ಗೊತ್ತಲ್ವಾ, ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಮೇಲಿರುವ ನೆಲ, ಮೋಡ ಬಂದು ರನ್‌ವೇ ಮೇಲೇ ಕೂತುಬಿಡುತ್ತದೆ. ಕಡೆಗೂ ಚಾವಣಿ ಮೇಲೆ ವಿಮಾನದ ಸದ್ದು ಕೇಳಿತು. ಛತ್ರಿಗಳಿಂದ ಸುರಿದ ನೀರು ಒರೆಸುತ್ತಿದ್ದ ಮಾವಶಿ ಕೈ ನಿಲ್ಲಿಸಿದರು. "ಇದು ಇಳಿಯೋ ಸಪ್ಪಳ ಅಲ್ಲ ಬಾಳಾ. ತಡಿ."

ನಾನು ತಡೆಯಲಿಲ್ಲ. ಎರಡು ತಾಸಿನಿಂದ ಕಾದಿದ್ದ ಜನ, ಒಳ್ಳೆ ಸುದ್ದಿ ಹೇಳುವ ಆಸೆ. ಕಂಟ್ರೋಲ್ ಟವರ್‌ನಿಂದ ಏನೂ ಬರುವ ಮೊದಲೇ ಮೈಕ್ ಹಿಡಿದು, "ವಿಮಾನ ಇನ್ನೇನು ಇಳಿಯುತ್ತಿದೆ" ಅಂದುಬಿಟ್ಟೆ. ಕೆಲವರು ಚಪ್ಪಾಳೆ ಹೊಡೆದರು. ಸದ್ದು ತಲೆ ಮೇಲೆ ಹಾದು, ಏರಿ, ದೂರವಾಯಿತು. ಇನ್ನೊಂದು ಸಲ ಬಂತು. ಆಮೇಲೆ ಬರಲೇ ಇಲ್ಲ.

ಗೊತ್ತುಮಾಡಿದ ಎತ್ತರಕ್ಕೆ ಇಳಿದಮೇಲೂ ರನ್‌ವೇ ಕಾಣದಿದ್ದರೆ ಪೈಲಟ್ ಮೇಲೇರಲೇಬೇಕು. ಬೇರೆ ಊರಿಗೆ ಹೋಗುವಷ್ಟು ಇಂಧನ ಇರುವಾಗಲೇ ತಿರುಗಿಸಬೇಕು. ಪೈಲಟ್ ಮಾಡಿದ್ದು ಸರಿ. ಮತ್ತೆ ಬರೋಣ ಅಂದರೆ ಕ್ರೂ ಡ್ಯೂಟಿ ಟೈಮ್, ಅಂದರೆ ವಿಮಾನದ ಸಿಬ್ಬಂದಿ ಕೆಲಸ ಮಾಡಬಹುದಾದ ಅವಧಿ, ಮುಗಿದಿತ್ತು. ಫ್ಲೈಟ್ ಕ್ಯಾನ್ಸಲ್. ಇದನ್ನೆಲ್ಲ ಯಾರಿಗೆ ಹೇಳೋದು, ಹತ್ತು ನಿಮಿಷದ ಹಿಂದೆ ಇಳಿಯುತ್ತಿದೆ ಅಂದವಳು ನಾನೇ. ವಿಡಿಯೋ ನೋಡಿ ನೀವೆಲ್ಲ ಆ ಮನುಷ್ಯನನ್ನು ಬೈದಿರಿ. ಅವನ ಸಿಟ್ಟಿಗೆ ಕಾರಣ ನಾನು. ಇದನ್ನು ಇಷ್ಟು ದಿನ ಯಾರ ಮುಂದೂ ಹೇಳಿರಲಿಲ್ಲ.

ನನ್ನ ಮುಖಕ್ಕೆ ಬಂದು ಬಿದ್ದ ಆ ಬೋರ್ಡಿಂಗ್ ಪಾಸ್ ಆಮೇಲೆ ಏನಾಯಿತು ಅಂತ ವಿಡಿಯೋದಲ್ಲಿಲ್ಲ. ಮಾವಶಿ ಅದನ್ನು ನೆಲದಿಂದ ಎತ್ತಿ, ಸೆರಗಿನಿಂದ ಒರೆಸಿ, ಮಡಿಕೆ ಬಿಡಿಸಿ ಅವನ ಮುಂದೆ ಇಟ್ಟರು. "ಇಟ್ಕೋರಿ ಸಾಹೇಬ್ರ, ರೊಕ್ಕ ವಾಪಸ್ ತಗೊಳ್ಳಾಕ ಬೇಕಾಗತೈತಿ." ಅವನು ಸುಮ್ಮನೆ ಇಸಕೊಂಡ.

ಸವದತ್ತಿ ಕಡೆಯ ವಯಸ್ಸಾದ ಗಂಡ ಹೆಂಡತಿ ಇದ್ದರು. ಮರುದಿನ ಬೆಂಗಳೂರಿನಲ್ಲಿ ಮಗಳ ಆಪರೇಷನ್. ಬಿಟ್ಟುಹೋದ ಗಾಡಿ ವಾಪಸ್ ಹೋಗಿತ್ತು, ರಾತ್ರಿ ಟ್ರೈನೂ ತಪ್ಪಿತ್ತು. ನಾನು ರಿಫಂಡ್ ನಿಯಮ ಹೇಳುತ್ತಾ ನಿಂತಿದ್ದೆ. ಮಾವಶಿ ತಮ್ಮ ಡಬ್ಬಿಯ ರೊಟ್ಟಿ, ಶೇಂಗಾ ಚಟ್ನಿ ಅವರಿಗೆ ಕೊಟ್ಟು, ಅಳಿಯನ ರಿಕ್ಷಾ ಕರೆಸಿ, ಬೆಂಗಳೂರಿನ ಕೊನೆ ಸ್ಲೀಪರ್ ಬಸ್ಸಿಗೆ ಹತ್ತಿಸಿ ಬಾ ಅಂತ ಕಳಿಸಿದರು.

ಎಲ್ಲ ಖಾಲಿಯಾದಮೇಲೆ ನಾನು ವಾಶ್‌ರೂಮಿನ ನೆಲದ ಮೇಲೆ ಕೂತುಬಿಟ್ಟೆ. ಎಷ್ಟು ಹೊತ್ತು ಅತ್ತೆನೋ. ಮಾವಶಿ ಬಂದು ಬಾಗಿಲಲ್ಲಿ ನಿಂತರು. ಸಮಾಧಾನ ಹೇಳಲಿಲ್ಲ. "ಏಳು. ಅಲ್ಲಿ ಫಿನಾಯಿಲ್ ಹಾಕೇನಿ, ಡ್ರೆಸ್ ಹಾಳಾಗತೈತಿ" ಅಂದರು.

ಪಿಜಿ ಗೇಟು ಹತ್ತಕ್ಕೇ ಮುಚ್ಚುತ್ತದೆ. ಅವರ ಮನೆಗೇ ಕರಕೊಂಡು ಹೋದರು. ಅಷ್ಟರಲ್ಲಿ ವಿಡಿಯೋ ಹರಿದಾಡಲು ಶುರುವಾಗಿತ್ತು. ಒಂದರ ಹಿಂದೊಂದು ಮೆಸೇಜು. ಓದುತ್ತಾ ಕೂತಿದ್ದ ನನ್ನ ಕೈಯಿಂದ ಫೋನ್ ಕಸಗೊಂಡು ಜೋಳದ ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿದರು. ಬೆಳತನಕ ಡಬ್ಬಿ ಗುಂಯ್ ಗುಂಯ್ ಅನ್ನುತ್ತಿತ್ತು. ನನಗೆ ನಿದ್ದೆ ಬರಲಿಲ್ಲ, ಅವರೂ ಮಲಗಲಿಲ್ಲ. ಸೊಸೆಯ ಜಗಳ, ಎಮ್ಮೆ ಮಾರಿದ ಕಥೆ, ಹಿಂದಿನ ಕಾಲದ ವಿಮಾನಗಳ ಸಪ್ಪಳ ಬಾಯಲ್ಲೇ ಮಾಡಿ ತೋರಿಸಿದ್ದು. ಕೆಲಸ ಬಿಡು ಅಂತಲೂ ಅನ್ನಲಿಲ್ಲ, ಬಿಡಬ್ಯಾಡ ಅಂತಲೂ ಅನ್ನಲಿಲ್ಲ. ಬೆಳಿಗ್ಗೆ ಫೋನ್ ತೆಗೆದು, ಅಂಟಿದ್ದ ಜೋಳದ ಹೊಟ್ಟು ಊದಿ ಕೊಟ್ಟರು.

ಸೋಮವಾರ ಲೆಟರ್ ಬಂದ ಕೂಡಲೇ ಪೇಟೆಯಿಂದ ಕಾಲು ಕಿಲೋ ಕುಂದಾ ತಂದೆ. ಮಾವಶಿ ಒಂದು ಚೂರು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಮೊಮ್ಮಗನಿಗೆ ಅಂತ ಕಟ್ಟಿಟ್ಟರು. ಹೊರಗೆ ಮತ್ತೆ ಮೋಡ ಕವಿದಿತ್ತು. ನಾನು ಮೈಕ್ ಮುಟ್ಟದೆ ಅವರ ಮುಖ ನೋಡಿದೆ.

"ಇವತ್ತ ಇಳಿತೈತಿ, ಬಿಡು" ಅಂದರು.

ನಾನಂತೂ ಟವರ್ ಹೇಳುವ ತನಕ ಕಾದೆ. ಇಳಿಯಿತು, ಎಂಟು ನಿಮಿಷ ಮೊದಲೇ.